ಹ್ಯಾವ್‌ಲಾಕ್‌ನಲ್ಲಿ ಸ್ಕೂಬಾ: ಈಜು ಬಾರದ ನಾವಿಬ್ಬರು, 11 ವರ್ಷದ ಮಗಳು, ಜೊತೆಗೆ ಅತ್ತೆ. ಸಲಹೆ ಬೇಕು

ಒಂಟಿಕೊಪ್ಪಲು:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಅಂಡಮಾನ್‌ಗೆ ಹೋಗೋಣ ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ನಾನು, ನಮ್ಮ ಯಜಮಾನರು, ಮಗಳು, ಅತ್ತೆ. ಅತ್ತೆಗೆ 64. ಸ್ವರಾಜ್ ದ್ವೀಪದಲ್ಲಿ, ಅಂದರೆ 2018ಕ್ಕೆ ಮುಂಚೆ ಹ್ಯಾವ್‌ಲಾಕ್ ಅಂತಿದ್ದ ದ್ವೀಪದಲ್ಲಿ, ಕಾಡಿನ ಅಂಚಿಗೆ ಒಂದು ಸಣ್ಣ ರೆಸಾರ್ಟ್ ನೋಡಿದ್ದೇವೆ. ಕೆಲವೇ ಕೆಲವು ಗುಡಿಸಲು, ಎದುರಿಗೆ ಸಮುದ್ರ, ಟಿವಿ ಇಲ್ಲ, ಗದ್ದಲ ಇಲ್ಲ. ನಮಗೆ ಬೇಕಾಗಿದ್ದೂ ಅದೇ.

ಮುಖ್ಯ ಆಸೆ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದು. ಮಗಳು ಸರಸ್ವತಿಪುರಂ ಯೂನಿವರ್ಸಿಟಿ ಈಜುಕೊಳದಲ್ಲಿ ಬೇಸಿಗೆ ರಜೆಯಲ್ಲಿ ಈಜು ಕಲಿತಿದ್ದಾಳೆ. ನಮ್ಮಿಬ್ಬರಿಗೂ ಬರುವುದಿಲ್ಲ. ಟ್ರಾವೆಲ್ ಏಜೆಂಟ್ ಕೊಟ್ಟಿರುವ ಪ್ಲಾನ್‌ನಲ್ಲಿ ಪೋರ್ಟ್ ಬ್ಲೇರ್ ಎರಡು ರಾತ್ರಿ, ಬಾರಾಟಾಂಗ್ ಒಂದು ದಿನ, ನೀಲ್ ಒಂದು ರಾತ್ರಿ, ಕೊನೆಗೆ ಹ್ಯಾವ್‌ಲಾಕ್ ಒಂದು ರಾತ್ರಿ. ಕೊನೆಯ ದಿನ ಬೆಳಗಿನ ಜಾವ ಸ್ಕೂಬಾ ಮುಗಿಸಿ, ಫೆರಿ ಹಿಡಿದು, ಮಧ್ಯಾಹ್ನ ವಿಮಾನ. "ಅರ್ಧ ಗಂಟೆ ಅಷ್ಟೇ ಮೇಡಂ, ವಿಡಿಯೊ ಫ್ರೀ" ಅಂದರು. ಇದು ಸರಿ ಇದೆಯಾ? ಈಜು ಬಾರದವರು ನಿಜವಾಗಲೂ ಇಳಿಯಬಹುದಾ? ಹೋಗಿ ಬಂದವರು ದಯವಿಟ್ಟು ಹೇಳಿ.

ನೀಲಿ ಆಳ:
ಮೇಡಂ, ನಮ್ಮದು ಮಂಡ್ಯ ಕಡೆ. ಸೀಸನ್‌ನಲ್ಲಿ ಹ್ಯಾವ್‌ಲಾಕ್‌ನಲ್ಲೇ ಇದ್ದು ಡೈವಿಂಗ್ ಕಲಿಸುತ್ತೇನೆ. ಯಾವ ಅಂಗಡಿ ಅಂತ ಇಲ್ಲಿ ಹೇಳುವುದಿಲ್ಲ, ಪ್ರಚಾರ ಆಗುತ್ತೆ.

ಮೊದಲು ಆ ಕೊನೆಯ ದಿನದ ಸ್ಕೂಬಾ ತೆಗೆಸಿ. ಅದು ಅಪಾಯ. ಸಿಲಿಂಡರ್‌ನಲ್ಲಿ ಇರುವುದು ಆಕ್ಸಿಜನ್ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ನಾವು ದಿನಾ ಉಸಿರಾಡುವ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ. ಅದರಲ್ಲಿ ನೂರಕ್ಕೆ 78ರಷ್ಟು ನೈಟ್ರೋಜನ್. ಆಳಕ್ಕೆ ಹೋದಾಗ ಒತ್ತಡದಿಂದ ಈ ನೈಟ್ರೋಜನ್ ರಕ್ತದಲ್ಲಿ, ಮೈಯ ಮಾಂಸದಲ್ಲಿ ಕರಗಿ ಕೂರುತ್ತೆ. ಮೇಲೆ ಬಂದ ಮೇಲೆ ಅದು ನಿಧಾನವಾಗಿ ಉಸಿರಿನ ಜೊತೆ ಹೊರಗೆ ಹೋಗಬೇಕು. ಅದಕ್ಕೆ ಗಂಟೆಗಟ್ಟಲೆ ಸಮಯ ಬೇಕು. ಅಷ್ಟರೊಳಗೆ ವಿಮಾನ ಹತ್ತಿದರೆ ಅಲ್ಲಿ ಗಾಳಿಯ ಒತ್ತಡ ಕಡಿಮೆ, ಕರಗಿದ್ದ ನೈಟ್ರೋಜನ್ ಮೈಯೊಳಗೇ ಗುಳ್ಳೆಯಾಗಬಹುದು. ಕೀಲು ನೋವು, ಕೈಕಾಲು ಜೋಮು ಹಿಡಿಯುವುದು, ಕೆಟ್ಟರೆ ಪಾರ್ಶ್ವವಾಯು ಬಡಿದ ಹಾಗೆ ಆಗುವುದು, ಎಲ್ಲಾ ಇದೆ. ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಜಾಸ್ತಿ ಆದರೆ ಕನಿಷ್ಠ 18 ಗಂಟೆ ಬಿಟ್ಟು ವಿಮಾನ ಹತ್ತಬೇಕು. ಒಂದು ಇಡೀ ದಿನ ಬಿಟ್ಟರೆ ಯೋಚನೆಯೇ ಇಲ್ಲ.

ಇನ್ನೊಂದು ಮಾತು. ಹ್ಯಾವ್‌ಲಾಕ್‌ಗೆ ಒಂದೇ ಬೆಳಗ್ಗೆ ಇಟ್ಟುಕೊಂಡು ಬರುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತೆ. ಅವತ್ತು ಗಾಳಿ ಜೋರಿದ್ದರೂ ಇಳಿಯಬೇಕು, ಮೂಗು ಕಟ್ಟಿದ್ದರೂ ಇಳಿಯಬೇಕು, ಭಯ ಆದರೂ ಇಳಿಯಬೇಕು. ದುಡ್ಡು ಕಟ್ಟಿ ಆಗಿದೆ, ಫೆರಿ ಹೊರಡುತ್ತೆ, ಮತ್ತೆ ಯಾವಾಗ ಬರ್ತೀವೋ ಅಂತ ಎಲ್ಲರೂ ನುಗ್ಗುತ್ತಾರೆ. ದಿನ ಕೈಯಲ್ಲಿದ್ದರೆ "ಇವತ್ತು ಬೇಡ, ನಾಳೆ ನೋಡೋಣ" ಅನ್ನಬಹುದು. ನೀರಿಗಿಳಿಯುವವರಿಗೆ ಅದಕ್ಕಿಂತ ದೊಡ್ಡ ರಕ್ಷಣೆ ಇಲ್ಲ.

ಈಜು ವಿಷಯ: ಮೊದಲ ಸಲ ಬೋಧಕರ ಜೊತೆ ಇಳಿದು ನೋಡುವ ಟ್ರೈ ಡೈವ್‌ಗೆ ಈಜು ಬರಲೇಬೇಕು ಅಂತ ಇಲ್ಲ. ಬೋಧಕರು ಕೈ ಬಿಡದೆ ಜೊತೆಗಿರುತ್ತಾರೆ, 12 ಮೀಟರ್‌ಗಿಂತ ಕೆಳಗೆ ಕರೆದುಕೊಂಡು ಹೋಗುವಂತಿಲ್ಲ. ಮಕ್ಕಳಿಗೆ ಕನಿಷ್ಠ 10 ವರ್ಷ. ಓಪನ್ ವಾಟರ್ ಕೋರ್ಸ್, ಅಂದರೆ ಡೈವಿಂಗ್ ಪ್ರಮಾಣಪತ್ರದ ಮೊದಲ ಕೋರ್ಸ್, ಮಾಡುವುದಾದರೆ ಈಜು ಬೇಕೇ ಬೇಕು. 200 ಮೀಟರ್ ನಿಲ್ಲದೆ ಈಜಬೇಕು, 10 ನಿಮಿಷ ತೇಲಬೇಕು. ಮೂರು ನಾಲ್ಕು ದಿನದ ಕೋರ್ಸ್. ಅದು ಮುಗಿದರೆ ಜೊತೆಗಾರರ ಜೊತೆ 18 ಮೀಟರ್‌ವರೆಗೆ ಹೋಗಬಹುದು.

ಪಾಂಡವಪುರದ ಹುಡುಗ:
ಅಣ್ಣ, 12 ಮೀಟರ್ ಅಂದರೆ ಎಷ್ಟು ಅಂತ ಅಂದಾಜೇ ಆಗಲ್ಲ. ನಮಗೆ ಅಡಿಯಲ್ಲಿ ಹೇಳಿ.

ನೀಲಿ ಆಳ:
ನಮ್ಮ ಜಿಲ್ಲೆಯವರಿಗೆ ಕನ್ನಂಬಾಡಿ ಅಳತೆಯೇ ಸುಲಭ. ಕಟ್ಟೆ ತುಂಬಿದಾಗ ಪೇಪರ್‌ನಲ್ಲಿ 124.80 ಅಡಿ ಅಂತ ಬರುತ್ತಲ್ಲ, ಅದು 38 ಮೀಟರ್. ಮನರಂಜನೆಗೆ ಅಂತ ಡೈವ್ ಮಾಡುವವರ ಕೊನೆಯ ಮಿತಿ 40 ಮೀಟರ್, ಅಂದರೆ ತುಂಬಿದ ಕಟ್ಟೆಗಿಂತ ಸ್ವಲ್ಪ ಜಾಸ್ತಿ. ಅದಕ್ಕೆ ಬೇರೆ ತರಬೇತಿ ಬೇಕು. ಮೇಡಂ ಮನೆಯವರು ಹೋಗುವುದು ಹೆಚ್ಚೆಂದರೆ 40 ಅಡಿ. ಮೊದಲ ಸಲ ಸಾಮಾನ್ಯವಾಗಿ ಅದಕ್ಕಿಂತಲೂ ಕಡಿಮೆ. ಒಳ್ಳೆ ಹವಳ, ಒಳ್ಳೆ ಬೆಳಕು ಎರಡೂ ಆ ಮಟ್ಟದಲ್ಲೇ ಇರುತ್ತೆ. ಆಳಕ್ಕೆ ಹೋದಷ್ಟೂ ಚೆನ್ನ ಅನ್ನುವುದು ತಪ್ಪು ಕಲ್ಪನೆ. ನೀರಿನಲ್ಲಿ ಮೊದಲು ಮಾಯ ಆಗುವ ಬಣ್ಣ ಕೆಂಪು. ಕೆಳಗೆ ಹೋದಂತೆ ಎಲ್ಲಾ ನೀಲಿ ಬೂದು.

ನಾಲೆ ಬದಿ:
ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮೊದಲ ಸಲಕ್ಕೆ ಅಂಡಮಾನ್ ಯಾಕೆ? ನಮ್ಮ ನೇತ್ರಾಣಿ ಇದೆಯಲ್ಲ. ಮುರ್ಡೇಶ್ವರದಿಂದ ಬೋಟ್‌ನಲ್ಲಿ ಒಂದೂವರೆ ಗಂಟೆ ಒಳಗೆ. ದಡದಿಂದ 19 ಕಿಲೋಮೀಟರ್ ಆಸುಪಾಸು. ನಮ್ಮ ರಾಜ್ಯ, ನಮ್ಮ ಭಾಷೆ, ವಿಮಾನದ ಖರ್ಚಿಲ್ಲ. ಡಿಸೆಂಬರ್, ಜನವರಿಯಲ್ಲಿ ನೀರು ತಿಳಿ ಇರುತ್ತೆ. ಬಂಡೆಗೆ ಅಂಟಿಕೊಂಡೇ ಮೀನಿನ ಹಿಂಡು, ಅದೃಷ್ಟ ಇದ್ದರೆ ಆಮೆ, ಸಣ್ಣ ಶಾರ್ಕ್ ಕೂಡ. ನಾನು ಕಲಿತಿದ್ದೇ ಅಲ್ಲಿ. ಚಿಕ್ಕಂದಿನಲ್ಲಿ ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ವಿಶ್ವೇಶ್ವರಯ್ಯ ನಾಲೆಯಲ್ಲಿ ಬಿದ್ದು ಈಜು ಕಲಿತವರು ನಾವು. ನಮಗೆ ನೀರು ಹೊಸದಲ್ಲ.

ಆದರೆ ಒಂದು ಮಾತು ಒಪ್ಪುತ್ತೇನೆ. ನೇತ್ರಾಣಿಯಲ್ಲಿ ಇಳಿದು ನಿಲ್ಲಲು ದಡ ಇಲ್ಲ. ಬೋಟ್‌ನಿಂದ ನೇರ ಆಳದ ನೀರಿಗೆ ಬೀಳಬೇಕು. ಬೋಟ್ ಲಂಗರು ಹಾಕಿ ನಿಂತಾಗ ಓಲಾಡುತ್ತಲೇ ಇರುತ್ತೆ, ವಾಂತಿ ಮಾಡಿಕೊಳ್ಳುವವರು ಬಹಳ. ಈಜು ಬಾರದವರಿಗೆ ಆ ಮೊದಲ ಹೆಜ್ಜೆ ಕಷ್ಟ. ಅತ್ತೆಯವರಂತೂ ಬೋಟ್‌ನಲ್ಲೇ ಕೂತಿರಬೇಕಾಗುತ್ತೆ.

ನೀಲಿ ಆಳ:
ನೇತ್ರಾಣಿ ಬಗ್ಗೆ ಅಣ್ಣ ಹೇಳಿದ್ದು ಪೂರ್ತಿ ನಿಜ. ಚೆಂದದ ಜಾಗ. ಅಲ್ಲಿಗೆ ಹೋಗುವ ಮೈಸೂರಿನವರಿಗೆ ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ವಿಮಾನಕ್ಕೆ ಇರುವ ನಿಯಮ ಬೆಟ್ಟಕ್ಕೂ ಅನ್ವಯಿಸುತ್ತೆ. ಸುಮಾರು 600 ಮೀಟರ್‌ಗಿಂತ ಎತ್ತರಕ್ಕೆ ಹೋಗುವುದೂ ಅದೇ ಲೆಕ್ಕ. ಮೈಸೂರು ಸಮುದ್ರ ಮಟ್ಟಕ್ಕಿಂತ 760 ಮೀಟರ್‌ಗೂ ಎತ್ತರ. ದಾರಿಯಲ್ಲಿ ಸಕಲೇಶಪುರ ಇನ್ನೂ ಮೇಲೆ. ಮಧ್ಯಾಹ್ನ ಡೈವ್ ಮುಗಿಸಿ ಅದೇ ಸಂಜೆ ಕಾರು ಹತ್ತಿ ರಾತ್ರಿ ಘಾಟಿ ಏರಿ ಬರುವವರು ಎಷ್ಟು ಜನ! ಹಾಗೆ ಮಾಡಬೇಡಿ. ಆ ರಾತ್ರಿ ಮುರ್ಡೇಶ್ವರದಲ್ಲೇ ಉಳಿದು ಮಾರನೇ ದಿನ ಹೊರಡಿ.

ನಾಲೆ ಈಜಿನ ಬಗ್ಗೆಯೂ ಹೇಳಬೇಕು. ನಾನೂ ಅಲ್ಲೇ ಕಲಿತವನು. ನಮ್ಮ ಕಡೆ ಯಾರು ಜಾಸ್ತಿ ಹೊತ್ತು ಉಸಿರು ಕಟ್ಟಿ ಮುಳುಗಿರುತ್ತಾರೋ ಅವರೇ ಶೂರರು. ಸ್ಕೂಬಾದಲ್ಲಿ ಮೊದಲು ಬಿಡಬೇಕಾದ ಚಾಳಿ ಅದೇ. ಕೆಳಗೆ ಯಾವ ಕಾರಣಕ್ಕೂ ಉಸಿರು ಕಟ್ಟಬಾರದು. ಮೇಲೆ ಒಂದು ವಾತಾವರಣದ ಒತ್ತಡ ಇದ್ದರೆ 10 ಮೀಟರ್ ಕೆಳಗೆ ಎರಡು ಪಟ್ಟು. ಅಲ್ಲಿ ಎದೆ ತುಂಬ ಗಾಳಿ ಎಳೆದು ಉಸಿರು ಕಟ್ಟಿಕೊಂಡು ಮೇಲೆ ಬಂದರೆ ಆ ಗಾಳಿ ಎರಡರಷ್ಟು ಹಿಗ್ಗುತ್ತೆ. ಶ್ವಾಸಕೋಶ ತಡೆಯಲ್ಲ. ಇದು ಆಳದ ಮಾತು ಮಾತ್ರ ಅಲ್ಲ, ಎದೆ ತುಂಬಿಕೊಂಡು ಒಂದೂವರೆ ಮೀಟರ್ ಮೇಲೆ ಬಂದರೂ ಪೆಟ್ಟಾಗಬಹುದು. ಅದಕ್ಕೇ ಎಷ್ಟೋ ಸಲ ಈಜು ಬರುವವರಿಗಿಂತ ಬಾರದವರಿಗೆ ಕಲಿಸುವುದು ಸುಲಭ. ಅವರಿಗೆ ಮರೆಯಬೇಕಾದ ಅಭ್ಯಾಸ ಇರುವುದಿಲ್ಲ. ಉಸಿರಾಡಿ ಅಂದರೆ ಉಸಿರಾಡುತ್ತಾರೆ.

ಒಂಟಿಕೊಪ್ಪಲು:
ಇದನ್ನು ಓದಿ ಯಜಮಾನರಿಗೆ ಧೈರ್ಯ ಬಂತು ಸರ್. ನನಗೆ ಚಿಂತೆ ಮಗಳ ಕಿವಿದು. ಚಿಕ್ಕವಳಿದ್ದಾಗ ಕಿವಿ ಸೋರುತ್ತಿತ್ತು. ಈಗ ಸರಿ ಇದೆ.

ಕಿವಿ ಮೂಗು ಗಂಟಲು:
ನಾನು ಮೈಸೂರಿನಲ್ಲಿ ಇಎನ್‌ಟಿ ವೈದ್ಯ. ಇಲ್ಲಿ ಯಾರಿಗೂ ಚಿಕಿತ್ಸೆ ಹೇಳಲಾಗುವುದಿಲ್ಲ, ಪರೀಕ್ಷೆ ಮಾಡದೆ ಹೇಳುವುದು ಸರಿಯೂ ಅಲ್ಲ. ವಿಷಯ ಮಾತ್ರ ವಿವರಿಸುತ್ತೇನೆ.

ಕಿವಿ ತಮಟೆಯ ಹಿಂದೆ ಗಾಳಿ ತುಂಬಿದ ಸಣ್ಣ ಜಾಗ ಇದೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ಕಿರಿದಾದ ನಾಳ. ನೀರಿಗೆ ಇಳಿದಾಗ ಹೊರಗಿನ ಒತ್ತಡ ತಮಟೆಯನ್ನು ಒಳಕ್ಕೆ ತಳ್ಳುತ್ತೆ. ಆ ನಾಳದ ಮೂಲಕ ಒಳಗಿನಿಂದಲೂ ಗಾಳಿ ಕಳಿಸಿ ಸರಿದೂಗಿಸಬೇಕು. ಮೂಗು ಹಿಡಿದು, ಬಾಯಿ ಮುಚ್ಚಿ, ಮೆತ್ತಗೆ ಊದಬೇಕು. ಎರಡೂ ಕಿವಿಯಲ್ಲಿ 'ಟಪ್' ಅನ್ನಬೇಕು. ಜೋರಾಗಿ ಊದಬಾರದು. ನೋವು ಶುರುವಾದ ಮೇಲೆ ಊದುವುದಲ್ಲ, ಅದಕ್ಕೆ ಮುಂಚೆಯೇ, ಪ್ರತಿ ಅರ್ಧ ಮೀಟರ್‌ಗೆ ಒಂದು ಸಲ. ನೋವು ಬಂದರೆ ಸ್ವಲ್ಪ ಮೇಲೆ ಬಂದು ಮತ್ತೆ ಪ್ರಯತ್ನಿಸಬೇಕು. ಆಗಲಿಲ್ಲವಾ, ಅವತ್ತಿಗೆ ಡೈವ್ ಇಲ್ಲ. ತಮಟೆ ಹರಿಯುವುದು ಬಹುಪಾಲು ಮೊದಲ ಕೆಲವು ಮೀಟರ್‌ನಲ್ಲೇ, ಅದೂ ಅವಸರ ಮಾಡಿದವರಿಗೆ.

ನೆಗಡಿ ಇದ್ದರೆ ಇಳಿಯಲೇಬಾರದು. ಮೂಗಿಗೆ ಹನಿ ಹಾಕಿಕೊಂಡು ಇಳಿಯುವವರಿದ್ದಾರೆ. ಆಳದಲ್ಲಿದ್ದಾಗಲೇ ಔಷಧದ ಪ್ರಭಾವ ಮುಗಿದುಬಿಟ್ಟರೆ ಮೇಲೆ ಬರುವಾಗ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತೆ. ಅದು ಇನ್ನೂ ಕೆಟ್ಟದ್ದು.

ಮಗಳಿಗೆ ಮೊದಲು ಕಿವಿ ಸೋರುತ್ತಿತ್ತು ಅಂದಿರಿ. ಹೊರಡುವ ಮುಂಚೆ ಒಮ್ಮೆ ತಮಟೆ ನೋಡಿಸಿ, ಟಿಂಪನೊಮೆಟ್ರಿ ಅನ್ನೋ ಪರೀಕ್ಷೆ ಮಾಡಿಸಿ. ಕಿವಿಗೆ ಸಣ್ಣ ರಬ್ಬರ್ ತುದಿ ಇಟ್ಟು ಒತ್ತಡ ಅಳೆಯುತ್ತಾರೆ, ನೋವಿಲ್ಲ. ನಮ್ಮ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಂಥ ಜಾಗ ಊರಲ್ಲೇ ಇದೆ. ಆಸ್ತಮಾ, ಫಿಟ್ಸ್, ಹೃದಯದ ತೊಂದರೆ, ಕಿವಿ ಆಪರೇಷನ್, ಗರ್ಭಿಣಿ, ಇವೆಲ್ಲ ಇದ್ದರೆ ಫಾರಂನಲ್ಲಿ ನಿಜ ಬರೆಯಿರಿ. ಎಲ್ಲಕ್ಕೂ 'ಇಲ್ಲ' ಅಂತ ಟಿಕ್ ಹಾಕಿ ಸಹಿ ಮಾಡುವ ಅಭ್ಯಾಸ ಪ್ರಾಣಕ್ಕೆ ಬರುತ್ತೆ. ಬಿಪಿ, ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ತಮ್ಮ ವೈದ್ಯರಿಂದ ಮೊದಲೇ ಚೀಟಿ ಬರೆಸಿಕೊಳ್ಳಿ.

ಟಿ.ಕೆ. ಲೇಔಟ್:
ಅಕ್ಕ, ನಾವು ಅಂಥದ್ದೇ ಒಂದು ರೆಸಾರ್ಟ್‌ನಲ್ಲಿ ಉಳಿದಿದ್ದೆವು. ಡೈವಿಂಗ್ ಬಗ್ಗೆ ಅವರೆಲ್ಲ ಹೇಳಿದ್ದಾರೆ, ನಾನು ಉಳಿಯುವ ಜಾಗದ ಬಗ್ಗೆ ಹೇಳುತ್ತೇನೆ.

ಅಲ್ಲಿ ನಮ್ಮದೇ ಗಡಿಯಾರ, ಆದರೆ ದ್ವೀಪ ಇರುವುದು ಬಹಳ ಪೂರ್ವಕ್ಕೆ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆ ಸೂರ್ಯ ಮುಳುಗಿ, ಐದೂವರೆಗೆ ಕತ್ತಲು. ಬೆಳಗ್ಗೆ ಐದೂವರೆಗೆಲ್ಲ ಚೆನ್ನಾಗಿ ಬೆಳಕು. ಮೈಸೂರಿನ ಹಾಗೆ ಎಂಟಕ್ಕೆ ಎದ್ದು, ತಿಂಡಿ ತಿಂದು, ಹತ್ತಕ್ಕೆ ಹೊರಟರೆ ಅರ್ಧ ದಿನ ಹೋಯಿತು. ಮೊದಲ ದಿನವೇ ಅಲ್ಲಿಯ ಹೊತ್ತಿಗೆ ಒಗ್ಗಿಕೊಳ್ಳಿ.

ಪೂರ್ವದ ಕಡೆಯ ಬೀಚ್‌ಗಳಲ್ಲಿ ಇಳಿತದ ಹೊತ್ತಿಗೆ ನೀರು ಬಹಳ ದೂರ ಹಿಂದೆ ಸರಿಯುತ್ತೆ. ರೆಸಾರ್ಟ್ ಫೋಟೊದಲ್ಲಿ ಗುಡಿಸಲ ಬಾಗಿಲಿಗೇ ನೀಲಿ ನೀರು ಇರುತ್ತೆ, ನೀವು ಹೋದಾಗ ಬರೀ ಕಲ್ಲು, ಕೆಸರು, ಸಣ್ಣ ಹೊಂಡಗಳು ಕಾಣಬಹುದು. ಬೇಜಾರಾಗಬೇಡಿ. ಆ ಹೊಂಡಗಳ ಹತ್ತಿರ ಮಗಳನ್ನು ಕೂರಿಸಿ. ನಕ್ಷತ್ರ ಮೀನು, ಏಡಿ, ಕಡ್ಡಿಯಂಥ ಪುಟ್ಟ ಮೀನು, ಎಲ್ಲಾ ಒಂದು ತಪ್ಪಲೆಯಷ್ಟು ನೀರಿನಲ್ಲಿ. ಉಬ್ಬರ ಇಳಿತದ ಸಮಯ ರೆಸಾರ್ಟ್‌ನವರಿಗೆ ಬಾಯಿಪಾಠ, ದಿನಾ ಕೇಳಿ.

ಮರಳು ನೊಣದ ಕಾಟ ಇದೆ. ಕಣ್ಣಿಗೆ ಕಾಣುವುದೇ ಇಲ್ಲ, ಕಚ್ಚಿದರೆ ವಾರಗಟ್ಟಲೆ ತುರಿಕೆ. ಬರೀ ಮರಳಿನ ಮೇಲೆ ಮಲಗಬೇಡಿ. ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ ಅಂತ ಅಲ್ಲಿಯವರೇ ಹೇಳಿದರು, ನಮಗೆ ಕೆಲಸ ಮಾಡಿತು. ಕರೆಂಟ್ ಹೋಗಿ ಬರುತ್ತೆ. 2020ರಲ್ಲಿ ಚೆನ್ನೈನಿಂದ ಸಮುದ್ರದಡಿ ಕೇಬಲ್ ಎಳೆದ ಮೇಲೆ ಇಂಟರ್ನೆಟ್ ಎಷ್ಟೋ ಮೇಲು, ಆದರೂ ಕಾಡಿನ ಅಂಚಿನಲ್ಲಿ ನಂಬಬೇಡಿ. ನಗದು ಕೈಯಲ್ಲಿರಲಿ. ಸಸ್ಯಾಹಾರಕ್ಕೆ ಏನೂ ತೊಂದರೆ ಇಲ್ಲ, ಅತ್ತೆಗೆ ಅನ್ನ ಸಾರು ಮಾಡಿಕೊಡಿ ಅಂದರೆ ಮಾಡುತ್ತಾರೆ.

ವಿಜಯನಗರ ಎರಡನೇ ಹಂತ:
ಎಲ್ಲರೂ ಒಂದೇ ದ್ವೀಪದಲ್ಲಿ ಉಳಿಯಿರಿ ಅಂತಿದ್ದೀರಿ. ಅಷ್ಟು ದುಡ್ಡು ಕೊಟ್ಟು ವಿಮಾನದಲ್ಲಿ ಹೋಗಿ ನಾಲ್ಕು ಜಾಗ ನೋಡದೆ ಬರುವುದು ನ್ಯಾಯವಾ? ಮಧ್ಯಮ ವರ್ಗದವರು ಮತ್ತೆ ಮತ್ತೆ ಹೋಗಲು ಆಗುತ್ತಾ? ಸೆಲ್ಯುಲಾರ್ ಜೈಲ್ ನೋಡದೆ ಅಂಡಮಾನ್‌ಗೆ ಹೋಗಿ ಬಂದೆ ಅನ್ನುವುದು ನನಗೆ ಒಪ್ಪಿಗೆ ಇಲ್ಲ.

ನೀಲಿ ಆಳ:
ಸರ್, ಜೈಲ್ ಖಂಡಿತ ನೋಡಬೇಕು. 1906ರಲ್ಲಿ ಕಟ್ಟಿ ಮುಗಿಸಿದ ಜೈಲು ಅದು, ಆ ಒಂಟಿ ಕೋಣೆಗಳನ್ನು ಮಕ್ಕಳು ನೋಡಲೇಬೇಕು. ಅದಕ್ಕೆ ವಿಮಾನ ಇಳಿದ ಮಧ್ಯಾಹ್ನ ಸಾಕು, ಇಲ್ಲವೇ ಹೊರಡುವ ಹಿಂದಿನ ದಿನ ಇಟ್ಟುಕೊಳ್ಳಿ. ಡೈವ್ ಆದ ಮೇಲೆ ವಿಮಾನಕ್ಕೆ ಬಿಡಬೇಕಾದ ದಿನವೂ ಅದರಲ್ಲೇ ಕಳೆಯುತ್ತೆ. ನಾನು ಬಿಡಿ ಅನ್ನುವುದು ಬಾರಾಟಾಂಗ್ ಮತ್ತು ನೀಲ್‌ನ ಓಡಾಟ. ಬೆಳಗಿನ ಜಾವ ಎದ್ದು ಓಡಿ, ಫೆರಿಯಲ್ಲಿ ವಾಂತಿ ಮಾಡಿಕೊಂಡು, ನಿದ್ದೆಗೆಟ್ಟು ಡೈವ್‌ಗೆ ಬಂದರೆ ಮೈ ಒಗ್ಗಲ್ಲ. ನೀರೂ ಕುಡಿದಿರುವುದಿಲ್ಲ. ಮೈಯಲ್ಲಿ ನೀರು ಕಡಿಮೆ ಇದ್ದರೆ ನಾನು ಮೊದಲು ಹೇಳಿದ ಗುಳ್ಳೆಯ ತೊಂದರೆ ಜಾಸ್ತಿ.

ಡಿಸೆಂಬರ್ ಅಂದಿರಿ, ಇನ್ನೊಂದು ನೆನಪಿರಲಿ. 2016ರ ಡಿಸೆಂಬರ್‌ನಲ್ಲಿ ಚಂಡಮಾರುತದ ಹವಾಮಾನಕ್ಕೆ ಫೆರಿ ನಿಂತು ಸಾವಿರಕ್ಕೂ ಜಾಸ್ತಿ ಪ್ರವಾಸಿಗರು ಹ್ಯಾವ್‌ಲಾಕ್, ನೀಲ್‌ನಲ್ಲಿ ಸಿಕ್ಕಿಕೊಂಡಿದ್ದರು. ನೌಕಾಪಡೆ ಬಂದು ಕರೆತಂದಿತು. ವಿಮಾನದ ಹಿಂದಿನ ದಿನ ಪೋರ್ಟ್ ಬ್ಲೇರ್‌ನಲ್ಲಿ ಇರಬೇಕು ಅನ್ನುವುದು ಇದಕ್ಕೂ. ಹೆಸರು ಈಗ ಶ್ರೀ ವಿಜಯಪುರಂ ಅಂತ ಆಗಿದೆ, ಟಿಕೆಟ್ ನೋಡಿ ಗಾಬರಿ ಆಗಬೇಡಿ.

ಜೀವಶಾಸ್ತ್ರ ಮೇಷ್ಟ್ರು:
ನಾನು ನಿವೃತ್ತ ಉಪನ್ಯಾಸಕ, ಮಂಡ್ಯ. ಇಷ್ಟೊಂದು ಚರ್ಚೆಯಲ್ಲಿ ನೋಡಲು ಹೋಗುತ್ತಿರುವುದು ಏನನ್ನು ಅಂತ ಯಾರೂ ಬರೆದಿಲ್ಲ. ಮಗಳಿಗಾಗಿ ಬರೆಯುತ್ತೇನೆ.

ಹವಳ ಕಲ್ಲಲ್ಲ, ಗಿಡವೂ ಅಲ್ಲ. ಪ್ರಾಣಿ. ಅಕ್ಕಿ ಕಾಳಿನಷ್ಟು ಸಣ್ಣ ಜೀವಿಗಳು ಸಾವಿರಗಟ್ಟಲೆ ಒಟ್ಟಿಗೆ ಕೂತು ಸುಣ್ಣದ ಮನೆ ಕಟ್ಟುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸ ಮಾಡುತ್ತೆ. ಪಾಚಿ ಬಿಸಿಲಿನಿಂದ ಆಹಾರ ಮಾಡಿ ಹವಳಕ್ಕೆ ಕೊಡುತ್ತೆ, ಹವಳ ಪಾಚಿಗೆ ಜಾಗ ಕೊಡುತ್ತೆ. ಹವಳದ ಬಣ್ಣದಲ್ಲಿ ಹೆಚ್ಚಿನ ಪಾಲು ಈ ಪಾಚಿಯದ್ದು. ಬೇಸಿಗೆಯ ಗರಿಷ್ಠಕ್ಕಿಂತ ಸಮುದ್ರದ ನೀರು ಒಂದು ಡಿಗ್ರಿ ಜಾಸ್ತಿ ಬಿಸಿಯಾಗಿ ಕೆಲವು ವಾರ ಹಾಗೇ ಉಳಿದರೆ ಹವಳ ಆ ಪಾಚಿಯನ್ನು ಹೊರಗೆ ಹಾಕುತ್ತೆ. ಬೆಳ್ಳಗಾಗುತ್ತೆ. ಬೇಗ ತಂಪಾದರೆ ಚೇತರಿಸಿಕೊಳ್ಳುತ್ತೆ, ಇಲ್ಲದಿದ್ದರೆ ಸಾಯುತ್ತೆ. ಅಂಡಮಾನ್‌ನಲ್ಲಿ 1998, 2010, 2016ರಲ್ಲಿ ಹೀಗಾಗಿದೆ. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಜಗತ್ತಿನಾದ್ಯಂತ ಇಂಥದ್ದೇ ನಾಲ್ಕನೇ ದೊಡ್ಡ ಆಘಾತ ನಡೆಯುತ್ತಿದೆ ಅಂತ ಘೋಷಿಸಿದರು. ಅಲ್ಲಿ ಬೆಳ್ಳಗಿನ, ಮುರಿದ ಹವಳವನ್ನೂ ನೋಡುತ್ತೀರಿ. ಮಗಳು ಕೇಳಿದರೆ ಮುಚ್ಚಿಡದೆ ಹೇಳಿ.

ಗಿಳಿಮೀನು ಹುಡುಕಲು ಹೇಳಿ. ಗಿಳಿಯ ಕೊಕ್ಕಿನಂಥ ಹಲ್ಲು. ಹವಳದ ಬಂಡೆಯ ಮೇಲಿನ ಪಾಚಿಯನ್ನು ಸುಣ್ಣದ ಸಮೇತ ಕೆರೆದು ತಿನ್ನುತ್ತೆ. ಬೇರೆ ಸದ್ದಿಲ್ಲದ ನೀರಿನಲ್ಲಿ ಆ ಕರಕರ ಸದ್ದು ಚೆನ್ನಾಗಿ ಕೇಳಿಸುತ್ತೆ. ತಿಂದ ಸುಣ್ಣ ಪುಡಿಯಾಗಿ ಹಿಂದಿನಿಂದ ಬಿಳಿ ಮೋಡದ ಹಾಗೆ ಹೊರಬರುತ್ತೆ. ಹವಳ ದ್ವೀಪಗಳ ಬಿಳಿ ಮರಳಿನಲ್ಲಿ ಒಂದು ಪಾಲು ಹೀಗೆ ಆದದ್ದು. ಕಿತ್ತಳೆ ಬಿಳಿ ಪಟ್ಟೆಯ ಕ್ಲೌನ್ ಮೀನೂ ಸಿಗುತ್ತೆ. ಅದು ಮುಟ್ಟಿದರೆ ಉರಿಯುವ ಕಡಲ ಹೂವಿನ (ಸೀ ಅನಿಮೊನಿ, ಇದೂ ಪ್ರಾಣಿಯೇ) ನಡುವೆ ಆರಾಮವಾಗಿ ಇರುತ್ತೆ. ಒಂದು ಹೂವಿನಲ್ಲಿರುವ ಗುಂಪಿಗೆ ದೊಡ್ಡ ಹೆಣ್ಣೇ ಯಜಮಾನಿ. ಅವಳು ಸತ್ತರೆ ಮುಂದಿನ ಗಂಡು ಹೆಣ್ಣಾಗಿ ಬದಲಾಗುತ್ತೆ.

ಏನನ್ನೂ ಮುಟ್ಟಬೇಡಿ. ಹವಳದ ಮೇಲೆ ಒಂದು ಸಲ ಕಾಲಿಟ್ಟರೆ ವರ್ಷಗಳ ಬೆಳವಣಿಗೆ ಹೋಯಿತು. ದಡದಿಂದ ಚಿಪ್ಪು, ಹವಳದ ತುಂಡು ತರಲೂಬೇಡಿ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ. ಅದಕ್ಕಿಂತ ಹೆಚ್ಚಾಗಿ, ದಡದ ಖಾಲಿ ಚಿಪ್ಪು ಸನ್ಯಾಸಿ ಏಡಿಗೆ ಮನೆ. ಮೈ ಬೆಳೆದ ಹಾಗೆ ಅದು ದೊಡ್ಡ ಚಿಪ್ಪು ಹುಡುಕಬೇಕು. ಸಂಜೆ ರೆಸಾರ್ಟ್ ಮುಂದೆ ನಡೆದರೆ ನೂರಾರು ಕಾಣುತ್ತವೆ.

ಪಾಂಡವಪುರದ ಹುಡುಗ:
ಮೇಷ್ಟ್ರೇ, ಅಲ್ಲಿ ಮೊಸಳೆ ಇದೆ ಅಂತಾರಲ್ಲ, ನಿಜವಾ? ರಂಗನತಿಟ್ಟಿನಲ್ಲಿ ದೋಣಿ ಪಕ್ಕದಲ್ಲೇ ಮಲಗಿರುತ್ತವೆ, ಏನೂ ಮಾಡಲ್ಲ.

ಜೀವಶಾಸ್ತ್ರ ಮೇಷ್ಟ್ರು:
ರಂಗನತಿಟ್ಟಿನದ್ದು ಸಿಹಿನೀರಿನ ಮಗ್ಗರ್. ಅಂಡಮಾನ್‌ನದ್ದು ಉಪ್ಪುನೀರಿನ ಮೊಸಳೆ, ಬೇರೆ ಜಾತಿ, ಇನ್ನೂ ದೊಡ್ಡದು, ಅಪಾಯಕಾರಿ. ಹ್ಯಾವ್‌ಲಾಕ್‌ನಲ್ಲೇ 2010ರಲ್ಲಿ ಸ್ನಾರ್ಕ್ಲಿಂಗ್ (ನೀರಿನ ಮೇಲೆ ತೇಲುತ್ತಾ ನಳಿಕೆಯಲ್ಲಿ ಉಸಿರಾಡುತ್ತಾ ಕೆಳಗೆ ನೋಡುವುದು) ಮಾಡುತ್ತಿದ್ದ ಪ್ರವಾಸಿಯೊಬ್ಬರು ಅದಕ್ಕೆ ಬಲಿಯಾದರು. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹಳ್ಳಗಳು ಸಮುದ್ರ ಸೇರುವ ಕಡೆ ಇಳಿಯಬಾರದು. ಬೋರ್ಡ್ ಹಾಕಿದ್ದರೆ ವಾದ ಬೇಡ. ಏಕಾಂತದ ಬೀಚ್ ಅಂತ ಯಾರೂ ಇಲ್ಲದ ಕಡೆ, ಕತ್ತಲಾಗುವ ಹೊತ್ತಿಗೆ ಇಳಿಯುವುದಂತೂ ಬೇಡವೇ ಬೇಡ. ರೆಸಾರ್ಟ್ ದೂರದಲ್ಲಿದ್ದಷ್ಟೂ ಈ ಎಚ್ಚರ ಜಾಸ್ತಿ ಬೇಕು.

ಅಗ್ರಹಾರ:
ಖರ್ಚು ಉಳಿಸಲು ನಾಲ್ಕು ಜನಕ್ಕೆ ಒಬ್ಬ ಬೋಧಕ ಅನ್ನೋ ಕಡಿಮೆ ದರದ ಆಫರ್ ತೆಗೆದುಕೊಳ್ಳಬಹುದಾ? ವ್ಯತ್ಯಾಸ ಸಾಕಷ್ಟು ಇದೆ.

ನೀಲಿ ಆಳ:
ಬೇಡ. ಟ್ರೈ ಡೈವ್‌ನಲ್ಲಿ ಒಬ್ಬರಿಗೆ ಒಬ್ಬರು. ಹ್ಯಾವ್‌ಲಾಕ್‌ನಲ್ಲಿ ಒಳ್ಳೆ ಕಡೆಯೆಲ್ಲ ಹಾಗೇ ಮಾಡುತ್ತಾರೆ. ಗುಡಿಸಲು ಸಾದಾದ್ದು ತೆಗೆದುಕೊಂಡು ಉಳಿಸಿ, ಎಸಿ ಬಿಟ್ಟು ಉಳಿಸಿ. ಬೋಧಕರಲ್ಲಿ ಉಳಿಸಬೇಡಿ. ಬುಕ್ ಮಾಡುವ ಮುಂಚೆ ಫೋನ್ ಮಾಡಿ ಕೇಳಿ: ಬೋಧಕರ ಪ್ರಮಾಣಪತ್ರ (ಡೈವಿಂಗ್ ತರಬೇತಿ ಸಂಸ್ಥೆಗಳಾದ) ಪ್ಯಾಡಿಯದ್ದಾ, ಎಸ್‌ಎಸ್‌ಐಯದ್ದಾ, ತೋರಿಸುತ್ತೀರಾ? ಬೋಟ್‌ನಲ್ಲಿ ತುರ್ತಿಗೆ ಆಕ್ಸಿಜನ್ ಇಟ್ಟಿದ್ದೀರಾ? ಇಳಿಯುವ ಮುಂಚೆ ಎದೆಮಟ್ಟದ ನೀರಿನಲ್ಲಿ ಎಷ್ಟು ಹೊತ್ತು ಕಲಿಸುತ್ತೀರಿ? "ಐದು ನಿಮಿಷ ಸಾಕು" ಅಂದರೆ ಫೋನ್ ಇಡಿ. ಮಾಸ್ಕ್‌ಗೆ ನೀರು ಬಂದರೆ ಮೂಗಿನಿಂದ ಊದಿ ಹೊರಹಾಕುವುದು, ಬಾಯಿಂದ ಉಸಿರಾಟದ ರೆಗ್ಯುಲೇಟರ್ ಜಾರಿದರೆ ಮತ್ತೆ ಹುಡುಕಿ ಹಾಕಿಕೊಳ್ಳುವುದು, ಕೈಸನ್ನೆ, ಕಿವಿ, ಇಷ್ಟನ್ನೂ ನಿಂತ ನೀರಿನಲ್ಲೇ ಮಾಡಿಸಬೇಕು.

ಸನ್ನೆ ಮನೆಯಲ್ಲೇ ಅಭ್ಯಾಸ ಮಾಡಿ. ಹೆಬ್ಬೆರಳು ಮೇಲೆತ್ತಿದರೆ 'ಚೆನ್ನಾಗಿದೆ' ಅಂತ ಅಲ್ಲ, 'ಮೇಲೆ ಹೋಗೋಣ' ಅಂತ. ಹೆಬ್ಬೆರಳು ತೋರುಬೆರಳು ಸೇರಿಸಿ ಸುತ್ತು ಮಾಡಿದರೆ 'ಸರಿ ಇದ್ದೇನೆ'. ಅಂಗೈ ಅಡ್ಡ ಹಿಡಿದು ಅಲ್ಲಾಡಿಸ್ತಾ ಕಿವಿ ತೋರಿಸಿದರೆ 'ಕಿವಿ ಸರಿ ಇಲ್ಲ'. ಖುಷಿಯಾಗಿ ಹೆಬ್ಬೆರಳು ಎತ್ತಿದವರನ್ನು ನಾವು ಮೇಲಕ್ಕೆ ಕರೆದುಕೊಂಡು ಬಂದುಬಿಡುತ್ತೇವೆ.

ಒಂಟಿಕೊಪ್ಪಲು:
ಎಲ್ಲರ ಮಾತನ್ನೂ ಮನೆಯಲ್ಲಿ ಕೂತು ಓದಿದೆವು. ಏಜೆಂಟ್ ಪ್ಲಾನ್ ಬಿಟ್ಟಿದ್ದೇವೆ. ಇಳಿದ ದಿನ ಪೋರ್ಟ್ ಬ್ಲೇರ್, ಮಾರನೇ ಬೆಳಗ್ಗೆ ಫೆರಿ, ನಾಲ್ಕು ರಾತ್ರಿ ಹ್ಯಾವ್‌ಲಾಕ್. ಮೊದಲ ದಿನ ಡೈವ್ ಇಲ್ಲ, ಸುಮ್ನೆ ಇರುತ್ತೇವೆ. ಎರಡನೇ ದಿನ ಎದೆಮಟ್ಟದ ನೀರಿನಲ್ಲಿ ಅಭ್ಯಾಸ, ಎಲ್ಲಾ ಸರಿ ಅನ್ನಿಸಿದರೆ ಟ್ರೈ ಡೈವ್. ಇಲ್ಲದಿದ್ದರೆ ಮೂರನೇ ದಿನ. ವಾಪಸ್ ಬಂದ ದಿನ ಸೆಲ್ಯುಲಾರ್ ಜೈಲ್, ಮಾರನೇ ದಿನ ವಿಮಾನ. ಮಗಳ ಕಿವಿ ಪರೀಕ್ಷೆಗೆ ಸಮಯ ತೆಗೆದುಕೊಂಡಿದ್ದೇವೆ. ನಾನು, ಯಜಮಾನರು ಇಬ್ಬರೂ ಈ ತಿಂಗಳಿಂದ ಈಜಿಗೆ ಸೇರುತ್ತಿದ್ದೇವೆ. ಅಷ್ಟರಲ್ಲಿ ಪೂರ್ತಿ ಬರದಿದ್ದರೂ ಮುಖ ನೀರಲ್ಲಿಡುವ ಭಯವಾದರೂ ಹೋಗಲಿ ಅಂತ.

ಎರಡು ಪ್ರಶ್ನೆ ಉಳಿದಿವೆ. ಯಜಮಾನರಿಗೆ ಮೈನಸ್ ನಾಲ್ಕು ಪವರ್ ಕನ್ನಡಕ. ಅದಿಲ್ಲದೆ ಏನು ಕಾಣುತ್ತೆ? ಇನ್ನೊಂದು, ಮೇಷ್ಟ್ರು ಗಿಳಿಮೀನಿನ ಬಗ್ಗೆ ಬರೆದಿದ್ದನ್ನು ಅತ್ತೆಗೆ ಓದಿ ಹೇಳಿದೆ. "ನಾನು ಮಾತ್ರ ದಡದಲ್ಲಿ ಕೂತಿರಬೇಕಾ?" ಅಂತ ಕೇಳಿದರು. ಅವರಿಗೆ ಬಿಪಿ ಮಾತ್ರೆ ಇದೆ.

ನೀಲಿ ಆಳ:
ಪವರ್ ಇರುವ ಮಾಸ್ಕ್ ಸಿಗುತ್ತೆ, ಆದರೆ ಎಲ್ಲರ ಹತ್ತಿರ ಎಲ್ಲಾ ನಂಬರ್ ಇರುವುದಿಲ್ಲ. ಬುಕ್ ಮಾಡುವಾಗಲೇ ಹೇಳಿ ತೆಗೆದಿರಿಸಲು ಕೇಳಿ. ನೀರಿನಲ್ಲಿ ವಸ್ತುಗಳು ಹತ್ತಿರವಾಗಿ, ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತವೆ, ಹಾಗಾಗಿ ಅರ್ಧ ನಂಬರ್ ಹೆಚ್ಚುಕಮ್ಮಿ ಆದರೂ ನಡೆಯುತ್ತೆ. ಮೆದು ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೂ ಇಳಿಯಬಹುದು, ಮಾಸ್ಕ್‌ಗೆ ನೀರು ಬಂದಾಗ ಕಣ್ಣು ಮುಚ್ಚಬೇಕು ಅಷ್ಟೆ. ಮೀಸೆ ದಪ್ಪ ಇದ್ದರೆ ಮೇಲ್ತುಟಿಯ ಹತ್ತಿರ ಸ್ವಲ್ಪ ಕತ್ತರಿಸಿಕೊಳ್ಳಲು ಹೇಳಿ, ಇಲ್ಲದಿದ್ದರೆ ಅಲ್ಲಿಂದ ನೀರು ಸೋರುತ್ತಲೇ ಇರುತ್ತೆ.

ಅತ್ತೆಯವರಿಗೆ ಸಿಲಿಂಡರ್ ಬೇಡ, ಆದರೆ ದಡದಲ್ಲಿ ಕೂರುವುದೂ ಬೇಡ. ಅವರ ವೈದ್ಯರು ಸರಿ ಅಂದರೆ ಉಬ್ಬರದ ಹೊತ್ತಿಗೆ, ಅಲೆ ಇಲ್ಲದ ಕಡೆ, ಲೈಫ್ ಜಾಕೆಟ್ ಹಾಕಿ, ದೊಡ್ಡ ಟ್ಯೂಬ್ ಹಿಡಿಸಿ, ಮಾಸ್ಕ್ ಸ್ನಾರ್ಕೆಲ್ ಕೊಟ್ಟು ಗೈಡ್ ನಿಧಾನಕ್ಕೆ ಎಳೆದುಕೊಂಡು ಹೋಗುತ್ತಾರೆ. ಮುಖ ಮಾತ್ರ ನೀರಿನಲ್ಲಿ. ಹವಳ ಎರಡು ಮೂರು ಮೀಟರ್ ಕೆಳಗೇ ಇರುವ ಜಾಗಗಳಿವೆ. ಸೀರೆ ಬೇಡ, ಚೂಡಿದಾರವೂ ಕಾಲಿಗೆ ಸುತ್ತಿಕೊಳ್ಳುತ್ತೆ. ಉದ್ದ ತೋಳಿನ ಈಜುಡುಗೆ ಮೈಸೂರಲ್ಲೇ ತೆಗೆದುಕೊಂಡು ಬನ್ನಿ, ಬೆನ್ನು ಸುಡುವುದಿಲ್ಲ, ಸನ್‌ಸ್ಕ್ರೀನ್ ಹಚ್ಚಿ ಹವಳಕ್ಕೆ ತೊಂದರೆ ಕೊಡುವುದೂ ತಪ್ಪುತ್ತೆ. ಮಾಸ್ಕ್ ಹಾಕಿಕೊಂಡು ಬಾಯಲ್ಲಿ ಉಸಿರಾಡುವುದನ್ನು ಮನೆಯಲ್ಲಿ ಒಂದು ಬಕೆಟ್ ನೀರಿಟ್ಟುಕೊಂಡು ಈಗಿನಿಂದಲೇ ಅಭ್ಯಾಸ ಮಾಡಿಸಿ.